ನಿಮ್ಮಜ್ಜಿ ಹೇಳಿದ ಸುಲೋಚನಾ

ಪತ್ರ: ‘ಮೂಕಿ ಸಿನಿಮಾದ ಸುಲೋಚನಾ ಬಗ್ಗೆ ನಮ್ಮಜ್ಜಿ ಬಹಳ ಹೇಳುತ್ತಿದ್ದರು. ನಮ್ಮ “ಸತಿ ಸುಲೋಚನ”ದ ನಾಯಕಿ ಅವರೇನಾ? ಟಾಕಿ ಬಂದ ಮೇಲೆ ಹಿಂದಿ ಬಾರದೆ ಮೂಲೆಗುಂಪಾದರಂತೆ, ಹೌದೇ?’
– ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಅಲ್ಲ ಸ್ವಾಮಿ, ಅವರಲ್ಲ. 1934ರ ‘ಸತಿ ಸುಲೋಚನ’ದ ನಾಯಕಿ ತ್ರಿಪುರಾಂಬ. ಅಲ್ಲಿ ಸುಲೋಚನ ಎಂದರೆ ಇಂದ್ರಜಿತುವಿನ ಹೆಂಡತಿ. ಹಿಂದಿ ಚಿತ್ರಗಳಲ್ಲಿ ತಾಯಿಯಾಗಿ ಕಣ್ಣೀರು ಹಾಕುತ್ತಿದ್ದ ಸುಲೋಚನಾ ಲಾಟ್ಕರ್ ಇನ್ನೊಬ್ಬರು. ನಿಮ್ಮಜ್ಜಿ ಹೇಳಿದ್ದು ರೂಬಿ ಮೈಯರ್ಸ್ ಬಗ್ಗೆ. ಸುಲೋಚನಾ ಅವರ ಸಿನಿಮಾ ಹೆಸರು.

1907ರಲ್ಲಿ ಪುಣೆಯ ಯಹೂದಿ ಮನೆಯಲ್ಲಿ ಹುಟ್ಟಿದವರು. ಟೆಲಿಫೋನ್ ಆಪರೇಟರ್ ಆಗಿದ್ದರು. ಕೊಹಿನೂರ್ ಕಂಪನಿಯ ಮೋಹನ್ ಭವನಾನಿ ಸಿನಿಮಾಕ್ಕೆ ಕರೆದಾಗ ಮೊದಲು ಒಲ್ಲೆ ಎಂದರು. ಆಗ ಸಿನಿಮಾಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಜನ ಹೇಗೆ ನೋಡುತ್ತಿದ್ದರು ಗೊತ್ತಲ್ಲ. ಭವನಾನಿ ಬಿಡಲಿಲ್ಲ. ದಿನವಿಡೀ ಮಾತಾಡಿಯೇ ಸಂಬಳ ಪಡೆಯುತ್ತಿದ್ದವರು ಹೆಸರು ಮಾಡಿದ್ದು ಮಾತೇ ಇಲ್ಲದ ಸಿನಿಮಾದಲ್ಲಿ. ತಮಾಷೆ ಅಲ್ವಾ?

ಆಮೇಲೆ ಇಂಪೀರಿಯಲ್ ಕಂಪನಿ ಸೇರಿದರು. 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಒಬ್ಬರೇ ಎಂಟು ವೇಷ ಹಾಕಿದರು. ಅದರಲ್ಲಿ ತೋಟದ ಮಾಲಿ, ಪೊಲೀಸ್‌ನವನೂ ಇದ್ದರು! ತಿಂಗಳಿಗೆ 5000 ರೂಪಾಯಿ, ಬೊಂಬಾಯಿ ಗವರ್ನರ್‌ಗಿಂತ ಜಾಸ್ತಿ ಸಂಬಳ ಎಂಬ ಮಾತು ಇವತ್ತಿಗೂ ಓಡಾಡುತ್ತಿದೆ. 5000 ಸರಿ ಇರಬಹುದು. ಗವರ್ನರ್ ಕತೆ ಸುಮ್ನೆ. ಇವರದು ವರ್ಷಕ್ಕೆ ಅರವತ್ತು ಸಾವಿರ ಆದರೆ, ಗವರ್ನರ್ ಸಂಬಳ ಲಕ್ಷ ದಾಟಿತ್ತು.

ಇನ್ನು ಮೂಲೆಗುಂಪಾದ ಮಾತು. 1931ರಲ್ಲಿ ಇದೇ ಇಂಪೀರಿಯಲ್ ದೇಶದ ಮೊದಲ ಟಾಕಿ ‘ಆಲಂ ಆರಾ’ ತೆಗೆದಾಗ ನಾಯಕಿಯಾಗಿದ್ದು ಜುಬೇದಾ. ಸುಲೋಚನಾ ಅವರಿಗೆ ಹಿಂದುಸ್ತಾನಿ ಅಷ್ಟಾಗಿ ಬರುತ್ತಿರಲಿಲ್ಲ, ನಿಜ. ಆದರೆ ಅಳುತ್ತಾ ಕೂರಲಿಲ್ಲ. ಒಂದು ವರ್ಷ ಕೂತು ಭಾಷೆ ಕಲಿತರು. 1932ರಲ್ಲಿ ‘ಮಾಧುರಿ’ಯೊಂದಿಗೆ ವಾಪಸ್ ಬಂದರು. ಅದು ಅವರದೇ ಹಳೆಯ ಮೂಕಿ ಚಿತ್ರ, ಈಗ ಮಾತಿನೊಂದಿಗೆ ಹೊಸದಾಗಿ ತೆಗೆದದ್ದು. ಆ ದಾರಿಯನ್ನೇ ಹಿಡಿದರು. 1929ರಲ್ಲಿ ‘ಇಂದಿರಾ ಬಿ.ಎ.’ ಆಗಿದ್ದದ್ದು 1934ರ ಟಾಕಿಯಲ್ಲಿ ‘ಇಂದಿರಾ ಎಂ.ಎ.’ ಆಯಿತು. ಐದು ವರ್ಷ ನಾಯಕಿ ಸುಮ್ಮನೆ ಕೂತಿರಲಿಲ್ಲ, ಓದಿದ್ದಳು!

ಬೇಡಿಕೆ ಕುಗ್ಗಿದ್ದು ಆಮೇಲೆ, ಹೊಸ ಮುಖಗಳು ಬಂದಾಗ. ಆದರೂ ಚಿಕ್ಕಪುಟ್ಟ ಪಾತ್ರ ಮಾಡುತ್ತಲೇ ಇದ್ದರು. 1973ರ ಫಾಲ್ಕೆ ಪ್ರಶಸ್ತಿ ಬಂತು. 1983ರಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ನಮ್ಮ ದೇಶದ ಮೂಕಿ ಚಿತ್ರಗಳಲ್ಲಿ ಬಹುಪಾಲು ಹಾಳಾಗಿ ಹೋಗಿವೆ. ಅಜ್ಜಿ ಕಂಡ ಸುಲೋಚನಾ ನಿಮಗೆ ಸಿಗುವುದು ಕಷ್ಟ. 1953ರ ‘ಅನಾರ್ಕಲಿ’ ನೋಡಿ. 1928ರ ಮೂಕಿಯಲ್ಲೂ 1935ರ ಟಾಕಿಯಲ್ಲೂ ಅನಾರ್ಕಲಿಯಾಗಿದ್ದವರು ಇದರಲ್ಲಿ ಸಲೀಮನ ತಾಯಿ. ಹಾಡಿನ ಗುಂಗಿನಲ್ಲಿ, ನಾಯಕಿ ಬೀನಾ ರಾಯ್ ಮುಖ ನೋಡುತ್ತಾ, ಆ ತಾಯಿಯನ್ನು ಬಿಟ್ಟುಬಿಡಬೇಡಿ.