ಒಂದು ಕವಿತೆಗೆ ಮೂರು ಇಸವಿ

ಪ್ರಶ್ನೆ: ರಡ್ಯಾರ್ಡ್ ಕಿಪ್ಲಿಂಗನ ‘ದಿ ವೈಟ್ ಮ್ಯಾನ್ಸ್ ಬರ್ಡನ್’ (ಬಿಳಿಯನ ಹೊರೆ) ಕವಿತೆ ಪ್ರಕಟವಾದ ವರ್ಷ ನಮ್ಮ ತರಗತಿಯ ಟಿಪ್ಪಣಿಯಲ್ಲಿ 1897 ಎಂದಿದೆ. ಗ್ರಂಥಾಲಯದ ಒಂದು ಪುಸ್ತಕದಲ್ಲಿ 1899, ಇನ್ನೊಂದರಲ್ಲಿ 1903 ಎಂದಿದೆ. ಯಾವುದು ಸರಿ? ಇದು ಭಾರತವನ್ನು ಕುರಿತ ಕವಿತೆಯೇ?
– ಎಂ.ಎ. ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಕವಿತೆ ಅಚ್ಚಾದದ್ದು 1899ರ ಫೆಬ್ರವರಿಯಲ್ಲಿ. ಆದರೆ ಉಳಿದೆರಡು ಇಸವಿಗಳಿಗೂ ಈ ಕವಿತೆಯ ಚರಿತ್ರೆಯಲ್ಲಿ ಸ್ಥಾನವಿದೆ.

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷ ತುಂಬಿದ 1897ರಲ್ಲಿ, ಆ ವಜ್ರ ಮಹೋತ್ಸವಕ್ಕೆಂದು ಕಿಪ್ಲಿಂಗ್ ಇದರ ಕರಡನ್ನು ಬರೆಯತೊಡಗಿದ್ದ. ಅದನ್ನು ಬದಿಗಿಟ್ಟು, ‘ರಿಸೆಷನಲ್’ ಎಂಬ ಬೇರೆ ಕವಿತೆಯನ್ನು ಜುಲೈ 17ರ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಮರುವರ್ಷ ಸ್ಪೇನ್ ಅಮೆರಿಕದೊಡನೆ ಯುದ್ಧದಲ್ಲಿ ಸೋತು, ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದಲ್ಲಿ 2 ಕೋಟಿ ಡಾಲರಿಗೆ ಫಿಲಿಪೀನ್ಸನ್ನು ಬಿಟ್ಟುಕೊಟ್ಟಿತು. ಹಳೆಯ ಕರಡನ್ನು ಕಿಪ್ಲಿಂಗ್ ಈ ಸಂದರ್ಭಕ್ಕೆಂದು, ಫಿಲಿಪೀನ್ಸನ್ನು ಆಳುವ ಹೊಣೆ ಹೊರು ಎಂದು ಅಮೆರಿಕಕ್ಕೆ ಹೇಳುವಂತೆ ತಿದ್ದಿ ಬರೆದು, ಅಚ್ಚಾಗುವ ಮೊದಲೇ ಒಂದು ಪ್ರತಿಯನ್ನು, ಮುಂದೆ ಅಮೆರಿಕದ ಅಧ್ಯಕ್ಷನಾದ ಥಿಯೋಡೋರ್ ರೂಸ್‌ವೆಲ್ಟನಿಗೆ ಕಳಿಸಿದ. ರೂಸ್‌ವೆಲ್ಟ್ ಅದನ್ನು ಸೆನೆಟರ್ ಹೆನ್ರಿ ಕ್ಯಾಬಟ್ ಲಾಜ್‌ಗೆ ದಾಟಿಸುತ್ತಾ, ಕಾವ್ಯವಾಗಿ ಇದು ಸಾಧಾರಣ, ಆದರೆ ರಾಜ್ಯ ವಿಸ್ತರಣೆಯ ದೃಷ್ಟಿಯಿಂದ ಒಳ್ಳೆಯ ವಿವೇಕದ ಮಾತು ಎಂಬ ಅರ್ಥದಲ್ಲಿ ಬರೆದ. ಆ ಕವಿತೆ ಯಾವ ಕೆಲಸಕ್ಕೆ ಬೇಕಾಗಿತ್ತು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಸಾಕ್ಷ್ಯ ನನಗೆ ಕಂಡಿಲ್ಲ.

ಫೆಬ್ರವರಿ 4ರಂದು ಅದು ಲಂಡನ್ನಿನ ‘ದಿ ಟೈಮ್ಸ್’ನಲ್ಲಿಯೂ, ಅದೇ ತಿಂಗಳು ಅಮೆರಿಕದ ‘ಮೆಕ್‌ಕ್ಲೂರ್ಸ್’ ಮಾಸಪತ್ರಿಕೆಯಲ್ಲಿಯೂ ಬಂತು. ಅದೇ 4ರ ರಾತ್ರಿ ಮನಿಲಾದ ಬಳಿ ಅಮೆರಿಕದ ಸೈನಿಕರಿಗೂ ಫಿಲಿಪೀನೋ ಪಡೆಗಳಿಗೂ ಗುಂಡಿನ ಕಾಳಗ ಆರಂಭವಾಯಿತು. 6ರಂದು ಅಮೆರಿಕದ ಸೆನೆಟ್ 57–27 ಮತಗಳಿಂದ ಒಪ್ಪಂದವನ್ನು ಅಂಗೀಕರಿಸಿತು. ಮರುದಿನ ಸೆನೆಟರ್ ಬೆಂಜಮಿನ್ ಟಿಲ್‌ಮನ್ ಇದೇ ಕವಿತೆಯ ಚರಣಗಳನ್ನು ಸದನದಲ್ಲಿ ಓದಿ, ಫಿಲಿಪೀನ್ಸಿನ ಉಸಾಬರಿ ನಮಗೆ ಬೇಡ ಎಂಬ ವಾದಕ್ಕೆ ಬಳಸಿಕೊಂಡ. ಬರೆದವನ ಉದ್ದೇಶಕ್ಕೆ ನೇರ ವಿರುದ್ಧವಾಗಿ ಕವಿತೆಯೊಂದು ಇಷ್ಟು ಬೇಗ ಬಳಕೆಯಾದದ್ದು ವಿಶೇಷವೇ ಸರಿ.

1903 ಎಂಬುದು ಕವಿತೆಯು ‘ದಿ ಫೈವ್ ನೇಷನ್ಸ್’ ಸಂಕಲನದಲ್ಲಿ ಸೇರಿದ ವರ್ಷ.

ಇನ್ನು ಭಾರತದ ಮಾತು. ಕಿಪ್ಲಿಂಗನ ಸಮಗ್ರ ಕವಿತೆಗಳ ಆವೃತ್ತಿಯಲ್ಲಿ ಶೀರ್ಷಿಕೆಯ ಕೆಳಗೆ ಅಮೆರಿಕ ಮತ್ತು ಫಿಲಿಪೀನ್ಸ್ ದ್ವೀಪಗಳ ಹೆಸರಿದೆ. ಆ ಸಾಲನ್ನು ಬಿಟ್ಟು ಅಚ್ಚು ಹಾಕಿದರೆ, ಕವಿ ಮುಂಬಯಿಯಲ್ಲಿ ಹುಟ್ಟಿದವನಾದ್ದರಿಂದ, ಇದು ನಮ್ಮನ್ನೇ ಕುರಿತದ್ದೆಂದು ಓದುಗರು ಭಾವಿಸುವುದು ಸಹಜ. ಆದರೂ ನಿಮ್ಮ ಅನುಮಾನವನ್ನು ನಾನು ತಳ್ಳಿಹಾಕಲಾರೆ. ಮೂರನೆಯ ಚರಣದಲ್ಲಿ, ಬರದ ಬಾಯಿಗೆ ತುಂಬ ಉಣ್ಣಿಸು, ರೋಗವನ್ನು ನಿಲ್ಲಿಸು ಎಂದು ಬಿಳಿಯರಿಗೆ ಹೇಳುವ ಮಾತು ಬರುತ್ತದೆ. ಅದನ್ನು ಬಳ್ಳಾರಿಯಲ್ಲಿ ಕುಳಿತು ಓದುವವರಿಗೆ, ಮದ್ರಾಸ್ ಪ್ರಾಂತ್ಯದ ಈ ಜಿಲ್ಲೆಯನ್ನು 1876–78ರಲ್ಲಿ ಹಿಂಡಿದ ಧಾತು, ಈಶ್ವರ ಸಂವತ್ಸರಗಳ ಬರ ನೆನಪಾಗದೆ ಇರದು. ಆ ಬರದ ನಡುವೆಯೇ, 1877ರಲ್ಲಿ, ಬರಪರಿಹಾರದ ಕೆಲಸಕ್ಕೆ ಬಂದ ಗಂಡಾಳಿನ ದಿನಗೂಲಿಯನ್ನು ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆಗೆ ಇಳಿಸಿದ್ದ.