ಎರಡನೇ ಭಾಗದಲ್ಲಿ ನಿಂತುಹೋದ ಓದು

ಪ್ರಣಯದ ಫ್ಯಾಂಟಸಿ ಸರಣಿ ಓದುವ ಹುಡುಗಿಯರನ್ನು ಮನೆಯವರು ನನ್ನ ಬಳಿ ಚಿಕಿತ್ಸೆಗೆ ಕರೆತಂದು "ಈ ಪುಸ್ತಕ ಬಿಡಿಸಿ" ಎನ್ನುವುದು ಮತ್ತೆ ಮತ್ತೆ ನಡೆಯುತ್ತಿದೆ. ಅಂಥ ಒಂದು ಪ್ರಕರಣ ಇದು. ಗುರುತಿನ ವಿವರಗಳನ್ನು ಬದಲಿಸಿದ್ದೇನೆ.

ಇಪ್ಪತ್ತನಾಲ್ಕರ ಹುಡುಗಿ, ನಿಶ್ಚಿತಾರ್ಥ ಆಗಿದೆ. ಮದುವೆ ಮಾತೆತ್ತಿದರೆ ಸಿಡುಕು, ರಾತ್ರಿ ನಿದ್ದೆಯಿಲ್ಲ. ಓದುತ್ತಿದ್ದದ್ದು ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಮಿಸ್ಟ್ ಅಂಡ್ ಫ್ಯೂರಿ’ (2016). ಇದರ ಹಿಂದಿನ ಭಾಗ ಬಂದದ್ದು 2015ರಲ್ಲಿ. ಅದರಲ್ಲಿ ನಾಯಕಿ ಫೇಯ್ರಾ ಪ್ರಾಣ ಒತ್ತೆಯಿಟ್ಟು ಪ್ರಿಯಕರ ಟ್ಯಾಮ್ಲಿನ್‌ನನ್ನು ಉಳಿಸಿಕೊಳ್ಳುತ್ತಾಳೆ. ಎರಡನೆಯದರಲ್ಲಿ ಅದೇ ಟ್ಯಾಮ್ಲಿನ್, ಅವಳ ಕ್ಷೇಮಕ್ಕೆಂದೇ, ಮಾಯೆಯ ತಡೆ ಹಾಕಿ ಅವಳನ್ನು ಮನೆಯೊಳಗೆ ಕೂಡಿಹಾಕುತ್ತಾನೆ. ಈಕೆಯ ಓದು ನಿಂತದ್ದು ಅಲ್ಲಿ.

ಮೂರನೇ ಭೇಟಿಗೆ ಮೊದಲ ಪುಸ್ತಕವನ್ನೂ ತಂದಳು. ಟ್ಯಾಮ್ಲಿನ್‌ನ ನಡೆಗಳಿಗೆ ಪುಟಪುಟಕ್ಕೂ ಪೆನ್ಸಿಲ್ ಗೆರೆ. "ಇದೆಲ್ಲ ಮೊದಲೇ ಇತ್ತು ಮೇಡಂ. ಆಗ ನಂಗೆ ಪ್ರೀತಿ ಅಂತಲೇ ಕಾಣಿಸ್ತು." ಇಷ್ಟು ಹೇಳಿ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಅದರಿಂದ ಹುಡುಗನಿಗೆ ದಿನವಿಡೀ ಲೊಕೇಶನ್ ಹೋಗುತ್ತಿತ್ತು. ಆಫ್ ಆದರೆ ಹತ್ತು ನಿಮಿಷದೊಳಗೆ ಫೋನ್ ಬರುತ್ತಿತ್ತು.

ಓದು ಬಿಡಬೇಡ ಎಂದೆ. ತನಗಾಗುತ್ತಿರುವುದಕ್ಕೆ ಅವಳಿಗೆ ಮಾತು ಸಿಕ್ಕಿದ್ದೇ ಆ ಪುಸ್ತಕದಿಂದ. ಅದನ್ನು ಕಿತ್ತುಕೊಳ್ಳುವುದು ಯಾವ ಚಿಕಿತ್ಸೆ? ಆದರೆ ರಾತ್ರಿ ಬೇಡ. ಹಗಲು ಎರಡೇ ಅಧ್ಯಾಯ. ಎದೆ ಬಿಗಿದರೆ ಪುಸ್ತಕ ಮುಚ್ಚಿ, ಪಾದ ನೆಲಕ್ಕೂರಿ, ಹತ್ತು ಸಲ ನಿಧಾನವಾಗಿ ಉಸಿರು ಬಿಡಬೇಕು. ಆಮೇಲೆ ನೋಟ್‌ಬುಕ್ಕಿನ ಎಡಗಡೆ ಕಥೆಯಲ್ಲಿ ನಡೆದ ಕೃತ್ಯ ಮಾತ್ರ, ಪಾತ್ರದ ಹೆಸರಿಲ್ಲದೆ. ಬಲಗಡೆ, ತನಗೂ ಹಾಗಾಗಿದ್ದರೆ ತಾರೀಖು.

ಹೆಸರು ಬೇಡ ಎಂದದ್ದು ಕಥೆಯ ಇನ್ನೊಬ್ಬ ಗಂಡು ರೀಸ್ಯಾಂಡ್‌ನಿಂದಾಗಿ. ಎರಡನೇ ಭಾಗದಲ್ಲಿ ಓದುಗರ ಮನಸ್ಸು ಅವನ ಕಡೆ ವಾಲುತ್ತದೆ. ಮೊದಲ ಭಾಗದಲ್ಲಿ ಇವನೇ ಒಪ್ಪಂದಕ್ಕಾಗಿ ಫೇಯ್ರಾಳ ಮುರಿದ ಕೈ ತಿರುಚಿದವನು, ಮತ್ತಿನ ಮದ್ಯ ಕುಡಿಸಿ ಕುಣಿಸಿದವನು. ಕಾರಣಗಳು ಆಮೇಲೆ ಬರುತ್ತವೆ, ನಾವು ಮರೆತುಬಿಡುತ್ತೇವೆ. ಟ್ಯಾಮ್ಲಿನ್‌ಗೆ ಎಳೆದ ಪೆನ್ಸಿಲ್ ಗೆರೆಯನ್ನು ಇವನಿಗೂ ಎಳೆಯದಿದ್ದರೆ, ಹುಡುಗಿ ಕಲಿಯುವುದು ಗಂಡು ಬದಲಿಸುವುದನ್ನಷ್ಟೇ.

ಮದುವೆ ಮುರಿ ಎಂದು ಯಾಕೆ ಹೇಳಲಿಲ್ಲ ಎಂದು ಕೇಳುವವರಿದ್ದಾರೆ. ಅವಳ ಪರವಾಗಿ ತೀರ್ಮಾನ ಮಾಡುವವರು ಸುತ್ತ ಸಾಕಷ್ಟು ಜನರಿದ್ದರು. ಅವರ ಸಾಲಿಗೆ ನಾನು ಸೇರಬಾರದಿತ್ತು. ಒಂದು ಸಣ್ಣ ‘ಇಲ್ಲ’ ಹೇಳಿಸಿದೆ: "ನಾಳೆಯಿಂದ ಲೊಕೇಶನ್ ಹಾಕಲ್ಲ, ಮನೆ ಸೇರಿದ ಮೇಲೆ ಮೆಸೇಜ್ ಮಾಡ್ತೀನಿ." ತಾಯಿಗೆ ಮೊದಲೇ ತಿಳಿಸಿ, ಆದದ್ದನ್ನು ಎರಡು ವಾರ ಬರೆದಿಡಬೇಕು. ಹುಡುಗನ ಮೊದಲ ದಿನದ ಕೋಪ ದೊಡ್ಡದಲ್ಲ. ತಣ್ಣಗಾದ ಮೇಲೆ ಮಾತಿಗೆ ಬರುತ್ತಾನಾ ಎಂದು ನೋಡಬೇಕು. ಬೆದರಿಕೆ ಹಾಕಿದರೆ, ಆಫೀಸಿನ ಹತ್ತಿರ ಬಂದು ನಿಂತರೆ, ಕಾಯದೆ ಮನೆಯವರಿಗೆ ಹೇಳಿ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕು.

ಎರಡು ವಾರಕ್ಕೆ ಬಲಗಡೆ ಹನ್ನೊಂದು ತಾರೀಖು ತುಂಬಿದ್ದವು. ತಾಯಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಪುಸ್ತಕ ಬಿಡಿಸಿ ಎಂಬ ಮಾತು ಮತ್ತೆ ಬರಲಿಲ್ಲ. ಛತ್ರಕ್ಕೆ ಕೊಟ್ಟ ಮುಂಗಡದ ವಿಷಯ ನಾನು ಮಾತಾಡ್ತೀನಿ ಎಂದರು.