ಕಾಫಿ ಹೂ ಬಿಡುವ ಹೊತ್ತು ಜೀನ್ ಕೈಯಲ್ಲಿದ್ದರೆ ಮಳೆಗೆ ಯಾಕೆ ಕಾಯಬೇಕು?

ಕೊಡಗಿನ ಸಿದ್ದಾಪುರದ ಕಡೆಯ ನಿಮ್ಮ ರೊಬಸ್ಟಾ ಕಾಫಿ ತೋಟಕ್ಕೆ 40 ಸೆಂಟ್ ಮಳೆ (ನೂರು ಸೆಂಟ್ ಅಂದರೆ ಒಂದು ಇಂಚು) ಬಿದ್ದು, ಅಲ್ಲೊಂದು ಇಲ್ಲೊಂದು ಮೊಗ್ಗು ಅರಳಿ, ಉಳಿದವು ಹಾಗೇ ನಿಂತಿವೆ ಅಂದಿರಿ. ಜೀನ್ ಎಲ್ಲ ಮೊಗ್ಗಿನಲ್ಲೂ ಒಂದೇ ಅಲ್ಲವೇ ಎಂಬುದು ನಿಮ್ಮ ಪ್ರಶ್ನೆ. ಒಂದು ಗಿಡದ ಮಟ್ಟಿಗೆ ಒಂದೇ ಹೌದು. ಆದರೆ ಕಾಫಿಯಲ್ಲಿ ಮೊಗ್ಗು ಹುಟ್ಟುವ ಹೊತ್ತು ಬೇರೆ, ಅರಳುವ ಹೊತ್ತು ಬೇರೆ. ಎರಡಕ್ಕೂ ಗಿಡ ಬೇರೆ ಬೇರೆ ಸುಳಿವು ನೋಡುತ್ತದೆ.

ಹಗಲು ಎಷ್ಟು ಉದ್ದವಿದೆ ಎಂದು ಅಳೆಯುವುದು ಎಲೆ. ಸರಿಯಾದ ಕಾಲ ಬಂತೆಂದರೆ ಎಲೆಯಲ್ಲಿ ಎಫ್‌ಟಿ ಎಂಬ ಜೀನ್ ಚಾಲೂ ಆಗಿ, ಅದರ ಪ್ರೋಟೀನು ಆಹಾರ ಸಾಗುವ ನಾಳದಲ್ಲೇ ಕುಡಿಗೆ ಹೋಗುತ್ತದೆ. ಅಲ್ಲಿ ಎಫ್‌ಡಿ ಎಂಬ ಪ್ರೋಟೀನಿನ ಜೊತೆ ಸೇರಿದಾಗ, ಎಲೆ ಮಾಡುತ್ತಿದ್ದ ಕುಡಿ ಹೂ ಮಾಡತೊಡಗುತ್ತದೆ. ಎಲೆಯಿಂದ ಇಂಥದ್ದೇನೋ ಹೋಗುತ್ತದೆಂದು 1930ರ ದಶಕದಲ್ಲೇ ಸೋವಿಯತ್ ಸಸ್ಯವಿಜ್ಞಾನಿ ಚೈಲಖ್ಯಾನ್ ಹೇಳಿ, ಫ್ಲೋರಿಜೆನ್ ಎಂದು ಹೆಸರಿಟ್ಟಿದ್ದರು. ಅದು ಈ ಪ್ರೋಟೀನೇ ಎಂದು ಗಟ್ಟಿಯಾದದ್ದು 2007ರಲ್ಲಿ, ಪ್ರಯೋಗಾಲಯದಲ್ಲಿ ಬಳಸುವ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಮತ್ತು ಭತ್ತದಲ್ಲಿ.

ಭತ್ತದ ಎಚ್‌ಡಿ1 ಜೀನ್ ಹಗಲು ಉದ್ದವಿದ್ದಾಗ ಹೂವನ್ನು ತಡೆಯುತ್ತದೆ, ಕಿರಿದಾದಾಗ ತಾನೇ ಮುಂದೆ ತಳ್ಳುತ್ತದೆ. ಹಗಲಿಗೆ ಸ್ಪಂದಿಸುವ ಹಳೆಯ ತಳಿಗಳನ್ನು ತಡವಾಗಿ ನಾಟಿ ಮಾಡಿದರೂ ತೆನೆ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬರುವುದು ಇದರಿಂದಲೇ. ಬೆಳೆಯಲು ದಿನ ಸಾಲದೆ ತೆಂಡೆ ಕಡಿಮೆ, ಇಳುವರಿಯೂ ಕಡಿಮೆ.

ಕಾಫಿಗೆ ಬರೋಣ. ಮಳೆಗಾಲ ಹಿಂದೆ ಸರಿದು ಹಗಲು ಕಿರಿದಾಗುತ್ತ ಬಂದಾಗ ಗಣ್ಣುಗಳಲ್ಲಿ ಮೊಗ್ಗು ಮೂಡುತ್ತದೆ. ಕೆಲವು ಮಿಲಿಮೀಟರ್ ಬೆಳೆದು, ಮೇಲೆ ಅಂಟು ಮೆತ್ತಿಕೊಂಡು ಮಲಗಿಬಿಡುತ್ತದೆ. ಬೇಸಿಗೆಯ ಒಣಹವೆ ಅದನ್ನು ಹದಕ್ಕೆ ತರುತ್ತದೆ. ಆಮೇಲೆ ಬೇರಿಗೆ ಒಮ್ಮೆಲೇ ನೀರು ಸಿಕ್ಕರೆ ಮೊಗ್ಗು ಎದ್ದು, ಉದ್ದವಾಗಿ, ಬೆಳ್ಳಗಾಗಿ, 8ರಿಂದ 10 ದಿನಕ್ಕೆ ಅರಳುತ್ತದೆ. ಈ ಎಚ್ಚರದ ಹಿಂದೆ ಎಥಿಲೀನ್ ಮತ್ತು ಅಬ್ಸಿಸಿಕ್ ಆಮ್ಲ ಎಂಬ ಸಸ್ಯ ಹಾರ್ಮೋನುಗಳ ಏರಿಳಿತ, ಅವುಗಳಿಗೆ ಸೇರಿದ ಜೀನ್‌ಗಳು ಕೆಲಸ ಮಾಡುತ್ತವೆ.

40 ಸೆಂಟ್ ಅಂದರೆ ಬರೀ 10 ಮಿ.ಮೀ. ರೊಬಸ್ಟಾಕ್ಕೆ ಒಂದರಿಂದ ಒಂದೂವರೆ ಇಂಚು ಬೇಕು. ಅರ್ಧ ಎದ್ದ ಮೊಗ್ಗು ನೀರು ಸಾಲದೆ ನಸುಗೆಂಪಾಗಿ ಅಲ್ಲೇ ಒಣಗುತ್ತದೆ. ಆದ್ದರಿಂದ ಕೊರತೆಯ ನೀರನ್ನು ಎರಡು ಮೂರು ದಿನದೊಳಗೇ ಸ್ಪ್ರಿಂಕ್ಲರ್‌ನಲ್ಲಿ ತುಂಬಿಕೊಡಬೇಕು. ಜೆಟ್ ಸುತ್ತ ಹತ್ತಿರಕ್ಕೂ ದೂರಕ್ಕೂ ಬದಿ ನೆಟ್ಟಗಿರುವ ಖಾಲಿ ಡಬ್ಬಿ ಇಟ್ಟು ಅಳೆಯಿರಿ. ಎಷ್ಟು ಗಂಟೆ ಓಡಿಸಿದೆವು ಎಂಬ ಲೆಕ್ಕ ನಂಬಬೇಡಿ, ಪಂಪಿನ ಒತ್ತಡ ಇಳಿದರೆ ಆ ಲೆಕ್ಕ ಕೆಡುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ನಷ್ಟ ಮೊದಲ ನೀರಿಗೆ ಅವಸರಪಡುವುದು. ಮೊಗ್ಗು ಹದಕ್ಕೆ ಬರುವ ಮೊದಲೇ ನೀರು ಕೊಟ್ಟರೆ ಹೂ ಕಂತುಕಂತಾಗಿ ಬಂದು, ಹಣ್ಣೂ ಹಾಗೇ ಆಗಿ ಕೊಯ್ಲಿನ ಸುತ್ತು ಹೆಚ್ಚುತ್ತದೆ. ರೊಬಸ್ಟಾಕ್ಕಂತೂ ತನ್ನದೇ ಪರಾಗ ಆಗುವುದಿಲ್ಲ, ಅದನ್ನು ತಡೆಯುವುದೂ ಜೀನೇ. ಪಕ್ಕದ ಬೇರೆ ತಳಿಮೂಲದ ಗಿಡ ಅದೇ ದಿನ ಅರಳಿದರೆ ಮಾತ್ರ ಕಾಯಿ ಕಚ್ಚುತ್ತದೆ. ಹೂ ಬಿಟ್ಟ ದಿನಗಳಲ್ಲಿ ಸ್ಪ್ರಿಂಕ್ಲರ್ ಬೇಡ, ಔಷಧಿ ಹೊಡೆಯುವುದೂ ಬೇಡ. ಆಮೇಲೆ ಮಳೆ ಬಾರದಿದ್ದರೆ, ಹೂ ಬಿಟ್ಟ 15–20 ದಿನದ ಮೇಲೆ ಬ್ಯಾಕಿಂಗ್ ನೀರು, ಅಂದರೆ ಕಚ್ಚಿದ ಕಾಯಿ ನಿಲ್ಲಲು ಕೊಡುವ ಎರಡನೇ ನೀರು, ಕೊಡಿ.